ಹೂಟಿ ಗದ್ದೆಯಲ್ಲಿ ಹಳದಿ ಟಿಟ್ಟಿಭದ ಮೊಟ್ಟೆ ಉಳಿಸಿದ್ದು: ನನ್ನ ಅನುಭವ

ಕುಮಟಾ-ಗೋಕರ್ಣ ಕಡೆ ಗದ್ದೆಯಲ್ಲಿ ಹಳದಿ ಟಿಟ್ಟಿಭದ (ನೆಲದ ಮೇಲೇ ಮೊಟ್ಟೆ ಇಡುವ ಹಕ್ಕಿ) ಗೂಡು ಉಳಿಸೂಕೆ ಆಗೂದೇ ಇಲ್ಲ ಅಂದವರೇ ಜಾಸ್ತಿ, ಹಕ್ಕಿ ನೋಡುವ ಗೆಳೆಯರೂ ಸೇರಿ. ಈಗ ಉಳೀತಾ ಇದೆ. ಮೊದಲು ಹತ್ತು ಗೂಡಲ್ಲಿ ಎರಡರಲ್ಲಿ ಮರಿ ಆದ್ರೆ ಹೆಚ್ಚು, ಈಗ ಆರೇಳರಲ್ಲಾದ್ರೂ ಆಗ್ತವೆ.

ತೊಂದರೆ ನಿಮಗೆ ಗೊತ್ತಿರೂದೇ. ಭತ್ತ ಕೊಯ್ದ ಒಣ ಗದ್ದೆಯಲ್ಲಿ ಮಾರ್ಚ್-ಏಪ್ರಿಲ್‌ಗೆ ಮೊಟ್ಟೆ, ಕಾವು ನಾಲ್ಕು ವಾರದ ಹತ್ತಿರ, ಅಷ್ಟರೊಳಗೆ ಒಂದು ಅಡ್ಡಮಳೆ ಬಿತ್ತು ಅಂದ್ರೆ ಹೂಟಿಗೆ (ಉಳುಮೆಗೆ) ಟಿಲ್ಲರ್ ಇಳೀತು, ಮೊಟ್ಟೆ ಹೋಯ್ತು.

ನೆದರ್‌ಲ್ಯಾಂಡ್ಸ್‌ನಲ್ಲಿ ಇದರ ನೆಂಟ ಜುಟ್ಟಿನ ಟಿಟ್ಟಿಭದ ಗೂಡಿನ ಹತ್ತಿರ ಕೋಲು ನೆಟ್ಟು ಟ್ರ್ಯಾಕ್ಟರ್ ತಪ್ಪಿಸ್ತಾರೆ. ಆ ಹಕ್ಕಿಯನ್ನ ಐಯುಸಿಎನ್ (ಪ್ರಕೃತಿ ಸಂರಕ್ಷಣೆಯ ಜಾಗತಿಕ ಒಕ್ಕೂಟ) 2015ರಲ್ಲೇ ಅಪಾಯಕ್ಕೆ ಹತ್ತಿರ ಇರುವ ಹಕ್ಕಿಗಳ ಪಟ್ಟಿಗೆ ಹಾಕಿದೆ. ನಾನೂ ಬಿದಿರು ಕೋಲು ನೆಟ್ಟೆ, ಇಲ್ಲಿ ಕಾಗೆಗೆ ಕೂರೂಕೆ ಒಳ್ಳೆ ಜಾಗ ಆಯ್ತು, ಸಂಜೆಯೊಳಗೆ ಮೊಟ್ಟೆ ಖಾಲಿ. ಆಮೇಲೆ ಜಾಳಿಗೆ ವೆಲ್ಡಿಂಗ್ ಮಾಡಿಸಿ ಗೂಡಿಗೆ ಮುಚ್ಚಿದ್ದು, ಹಕ್ಕಿ ಸುತ್ತ ಕೂಗ್ತಾ ತಿರುಗಿತೇ ವಿನಾ ಒಳಗೆ ಹೋಗಲಿಲ್ಲ, ತೆಗೆದ್ವಿ. ಓಡಾಟ ಕಂಡ್ರೆ ತಾನೇ ಫೋಟೋ ತೆಗೆಯುವ ಟ್ರ್ಯಾಪ್ ಕ್ಯಾಮೆರಾ ಇಟ್ರೆ ಯಾರೋ ಬಿಚ್ಚಿಕೊಂಡೇ ಹೋದ್ರು. ಎಲ್ಲಾ ಸೇರಿ ಹದಿನೈದು ಸಾವಿರದ ಹತ್ತಿರ ಹೋಗಿರಬೇಕು.

ಕೆಲಸ ಮಾಡಿದ್ದು ಸುಣ್ಣ ಬಳಿದ ಎರಡು ಚಿರೆಕಲ್ಲು ಚೂರು, ಅಂಗೈಗಿಂತ ಎತ್ತರ ಇಲ್ಲ, ಗೂಡಿನ ಆಚೆ ಈಚೆ ನಾಲ್ಕೈದು ಹೆಜ್ಜೆ ದೂರ, ನಡುವಿನ ತುಂಡು ಬಿಟ್ಟು ಹೂಟಿ. ದುಡ್ಡು ಗದ್ದೆಯವರಿಗಲ್ಲ, ಟಿಲ್ಲರ್ ಹೊಡೆಯುವವನಿಗೆ. ಗದ್ದೆಯವರು ಹೂಟಿ ದಿನ ಬರೂದೇ ಇಲ್ಲ ಎಷ್ಟೋ ಕಡೆ, ಅಂವ ಮಾತ್ರ ಊರಿನ ಎಲ್ಲಾ ಗದ್ದೆಗೂ ಇಳೀತಾನೆ. ಗೂಡಿಗೆ ಮುನ್ನೂರು, ಅದೂ ಮರಿ ಆದಮೇಲೇ. ಗೂಡು ತೋರಿಸಿದ್ದಕ್ಕೆ ಕೊಟ್ರೆ ಊರಿನ ಮಕ್ಕಳೆಲ್ಲ ಹುಡುಕೂಕೆ ಹೊರಡ್ತಾರೆ, ಹಕ್ಕಿ ಗೂಡು ಬಿಡ್ತದೆ.

ಗದ್ದೆಯವರು ಕೇಳೂದು ಒಂದೇ, “ಮಾಸ್ತರ್ರೇ, ಎಷ್ಟು ದಿನ ಅಂತ ಬಿಡೂದು?” ಮರಿಗೆ ಎಷ್ಟು ದಿನ ಇದೆ ಅಂತ ತಿಳಿಯೂಕೆ ನೀರಿನ ಪರೀಕ್ಷೆ, ಅರಣ್ಯ ಇಲಾಖೆ ಒಪ್ಪಿಗೆ ತಗಂಡೇ ಮಾಡಿದ್ದು, ಹಂಗೇ ಕೈ ಹಾಕಬೇಡಿ. ಒಂದೇ ಮೊಟ್ಟೆ, ಉಗುರುಬೆಚ್ಚಗಿನ ನೀರು. ಅಡ್ಡ ಮಲಗಿದ್ರೆ ಹೊಸದು, ತಳದಲ್ಲೇ ನೆಟ್ಟಗೆ ನಿಂತ್ರೆ ಕಾವು ಒಂದು ವಾರದ ಹತ್ತಿರ, ತೇಲಿ ದಪ್ಪ ತುದಿ ನೀರಿನ ಮೇಲೆ ಹೆಚ್ಚು ಬಂದಷ್ಟೂ ಮರಿ ಹತ್ತಿರ. ಒರೆಸಿ, ಚೂಪು ತುದಿ ಒಳಗೆ ಮಾಡಿ ಮೊದಲಿದ್ದ ಹಾಗೇ ಇಡಬೇಕು. ದಿನ ಹೇಳಿದ್ರೆ ಸಾಕು, ಜನ ಒಪ್ತಾರೆ, ಮರಿಯೂ ಒಡೆದ ಒಂದೆರಡು ದಿನದಲ್ಲೇ ಗೂಡು ಬಿಟ್ಟು ನಡೀತವೆ, ಉಳಿದ ತುಂಡು ಆಮೇಲೆ ಹೂಟಿ ಮಾಡಬಹುದು.

ಇನ್ನೊಂದು ಮಾಡಿ ನೋಡಿದೆ. ಈ ಹಕ್ಕಿ ಹೊಟ್ಟೆಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡ್ತದಲ್ಲ, ಗೂಡಿಂದ ಇಪ್ಪತ್ತು ಹೆಜ್ಜೆಗೆ ಅಗಲದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟೆ. ಮೂರನೇ ದಿನಕ್ಕೆ ಬಂತು, ನೀರಲ್ಲಿ ಕುಕ್ಕರಿಸಿ ಅತ್ತಿತ್ತ ಅಲ್ಲಾಡಿ, ಹನಿ ಸೋರ್ತಾ ಓಡಿ ಹೋಗಿ ಮೊಟ್ಟೆ ಮೇಲೆ ಕೂತಿತು. ಆದರೆ ನಾಯಿಯೂ ನೀರಿಗೆ ಬರೂಕೆ ಶುರು ಮಾಡ್ತು, ನಿಲ್ಲಿಸ್ದೆ.

ಗೂಡು ಹೆಂಗೆ ಹುಡುಕ್ತೇನೆ ಅನ್ನೂದು ಇಲ್ಲಿ ಬರೆಯೂದಿಲ್ಲ, ಮೊಟ್ಟೆ ಕದಿಯೋರೂ ಓದ್ತಾರೆ. ಈ ಸಲ ಅಂಕೋಲಾ ಕಡೆಯ ಇಬ್ಬರು ಟಿಲ್ಲರ್‌ನವರು ತಾವಾಗೇ ಫೋನ್ ಮಾಡಿದಾರೆ, ನಾನೂರು ಕೇಳ್ತಿದಾರೆ. ಕೊಡ್ತೇನೆ ಅಂದಿದೇನೆ.