ಖಾಲಿ ಕೋಣೆಯಲ್ಲಿ ಸುಮ್ಮನಿರಲು ಕಲಿತ ನಾಯಿ

ಶವ ಹುಡುಕುವ ನಾಯಿಯನ್ನು ಏನನ್ನೂ ಬಚ್ಚಿಡದ ಖಾಲಿ ಕೋಣೆಗಳಲ್ಲಿ ಓಡಿಸಿ ಓಡಿಸಿ ಕೆಡಿಸುತ್ತಿದ್ದೀಯ ಎಂದು ನಾಲ್ಕು ವರ್ಷ ಬೈಸಿಕೊಂಡೆ. ಏನೂ ಸಿಗದಿದ್ದರೆ ಅದರ ಹುಮ್ಮಸ್ಸೇ ಇಳಿದುಹೋಗುತ್ತದೆ ಎನ್ನುವುದು ಹಿರಿಯ ಹ್ಯಾಂಡ್ಲರ್‌ಗಳ, ಅಂದರೆ ಇಂಥ ನಾಯಿಗಳನ್ನು ನಡೆಸುವವರ, ವಾದ. ನನ್ನ ನಾಯಿ ತಾರಾಗೆ ಈಗ ಏಳು ವರ್ಷ, ಹುಮ್ಮಸ್ಸು ಎಲ್ಲೂ ಹೋಗಿಲ್ಲ. ಬೈದವರಲ್ಲೇ ಇಬ್ಬರು ನನ್ನ ಅಭ್ಯಾಸ ಪುಸ್ತಕದ ನಕಲು ಕೇಳಿ ಪಡೆದಿದ್ದಾರೆ. ಹಾಗಾಗಿ ಬರೆಯುವ ಧೈರ್ಯ ಬಂತು.

ಮೊದಲು ಕಳೆದುಕೊಂಡದ್ದರ ಲೆಕ್ಕ. ಸೀಸೆಯಲ್ಲಿ ಬರುವ ಕೃತಕ ಶವವಾಸನೆಗೆ ಸುಮಾರು ಎರಡು ತಿಂಗಳ ಸಂಬಳ ಸುರಿದೆ. ತಾರಾ ಸೀಸೆಯ ವಾಸನೆಯನ್ನು ಚೆನ್ನಾಗಿಯೇ ಕಲಿತಳು. ನಿಜವಾದ ವಸ್ತುವನ್ನು ಇಟ್ಟರೆ ಒಮ್ಮೆ ಮೂಸಿ ಮುಂದಕ್ಕೆ ನಡೆದಳು. ಆಮೇಲೆ ದಂತವೈದ್ಯರಿಂದ ಕಿತ್ತ ಹಲ್ಲು, ಒಪ್ಪಿಗೆ ಪತ್ರಗಳನ್ನೆಲ್ಲ ಮಾಡಿಸಿಕೊಂಡು ಹೆರಿಗೆ ಆಸ್ಪತ್ರೆಯಿಂದ ಮಾಸು, ರಕ್ತ ಒಣಗಿದ ಬಟ್ಟೆ ಹೊಂದಿಸಿದೆ. ಮೂರು ತಿಂಗಳು ಎಲ್ಲವೂ ಸರಿಯಾಗಿ ನಡೆಯಿತು, ಅನುಮಾನ ಬರುವಷ್ಟು ಸರಿಯಾಗಿ. ಒಂದು ದಿನ ಖಾಲಿ ಡಬ್ಬಿಯನ್ನೂ ಅದೇ ರಬ್ಬರ್ ಕೈಗವಸು ತೊಟ್ಟು ಇಟ್ಟೆ. ತಾರಾ ಅದರ ಮುಂದೆ ಕುಳಿತು ಬೊಗಳಿದಳು, ಸಿಕ್ಕಿತು ಎನ್ನುವುದಕ್ಕೆ ಅವಳ ಸೂಚನೆ ಅದು. ಮೂರು ತಿಂಗಳು ನಾನು ಅವಳಿಗೆ ಕಲಿಸಿದ್ದು ಕೈಗವಸು ಹುಡುಕುವುದನ್ನು!

ಅದು ಸರಿಹೋಯಿತು ಎನ್ನುವಷ್ಟರಲ್ಲಿ ಎರಡನೆಯ ಪೆಟ್ಟು. ಗೆಳೆಯನೊಬ್ಬ ನಮ್ಮ ಅಭ್ಯಾಸವನ್ನು ವಿಡಿಯೊ ಮಾಡಿ ನಿಧಾನಗತಿಯಲ್ಲಿ ತೋರಿಸಿದ. ವಸ್ತು ಇಟ್ಟ ಕಪಾಟಿನ ಹತ್ತಿರ ಬರುತ್ತಿದ್ದಂತೆ ನನ್ನ ಹೆಜ್ಜೆ ಗಿಡ್ಡವಾಗುತ್ತದೆ, ಹಗ್ಗ ಹಿಡಿದ ಕೈ ಎದೆಯ ಕಡೆ ಬರುತ್ತದೆ. ತಾರಾ ತಲೆ ತಿರುಗಿಸಿ ನನ್ನ ಮುಖ ನೋಡುತ್ತಾಳೆ, ಆಮೇಲೆ ಬೊಗಳುತ್ತಾಳೆ. ಕಪಾಟನ್ನು ಅವಳು ಮೂಸಿಯೇ ಇರಲಿಲ್ಲ. 2011ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಒಂದು ಪ್ರಯೋಗದಲ್ಲಿ, ವಾಸನೆ ಇರಬಹುದು ಎಂದು ಹ್ಯಾಂಡ್ಲರ್‌ಗಳನ್ನು ನಂಬಿಸಿದ್ದರು: 18 ಹ್ಯಾಂಡ್ಲರ್‌ಗಳು, ಮಾದಕವಸ್ತು ಮತ್ತು ಸ್ಫೋಟಕ ಪತ್ತೆಯ ನಾಯಿಗಳು, ಏನನ್ನೂ ಬಚ್ಚಿಡದ ಕಟ್ಟಡ, 144 ಸುತ್ತು, 225 ತಪ್ಪು ಸೂಚನೆ. ಅದನ್ನು ಓದಿದಾಗ ಬೇರೆಯವರ ಕಥೆ ಎಂದುಕೊಂಡಿದ್ದೆ.

ಅಲ್ಲಿಂದ ಪದ್ಧತಿ ಬದಲಾಯಿತು. ವಸ್ತು ಇಡುವವನು ಒಬ್ಬ. ಇಟ್ಟವನು ಅಲ್ಲಿಂದ ಹೊರಟುಹೋಗಬೇಕು. ನನ್ನ ಜೊತೆ ನಿಂತು ಬರೆದುಕೊಳ್ಳುವವನಿಗೂ ಎಲ್ಲಿದೆ, ಇದೆಯೋ ಇಲ್ಲವೋ ತಿಳಿದಿರಬಾರದು. ಹತ್ತರಲ್ಲಿ ಆರೇಳು ಸುತ್ತು ಪೂರ್ತಿ ಖಾಲಿ. ಖಾಲಿ ಡಬ್ಬಿಗೂ ಅದೇ ಕೈ, ಅದೇ ಕೈಗವಸು. ಎಲ್ಲಕ್ಕೂ ವಿಡಿಯೊ. ಇಬ್ಬರು ಸಹಾಯಕರ ದಿನಗೂಲಿ, ಪೆಟ್ರೋಲು, ಕ್ಯಾಮೆರಾ ಸೇರಿ ಒಂದು ವರ್ಷದ ಉಳಿತಾಯ ಕರಗಿತು. ಮನೆಯವರಿಗೆ ನಿಜವಾದ ಮೊತ್ತವನ್ನು ಈಗಲೂ ಹೇಳಿಲ್ಲ. ಶುರುವಿನಲ್ಲಿ ಖಾಲಿ ಸುತ್ತುಗಳಲ್ಲಿ ಮೂರಕ್ಕೆ ಒಂದರಲ್ಲಿ ಸುಳ್ಳು ಬೊಗಳಿಕೆ. ಹದಿನಾಲ್ಕು ತಿಂಗಳ ನಂತರ, ನೆನಪಿನ ಮೇಲೆ ಹೇಳುವುದಾದರೆ, ನೂರೈವತ್ತು ಖಾಲಿ ಸುತ್ತಿಗೆ ಎರಡೋ ಮೂರೋ. ಖಾಲಿ ಸುತ್ತು ಮುಗಿಸಿದ ನಾಯಿಗೆ ಬಹುಮಾನದ ಚೆಂಡನ್ನು ಯಾವಾಗ, ಹೇಗೆ ಕೊಟ್ಟರೆ ಹುಮ್ಮಸ್ಸು ಉಳಿಯುತ್ತದೆ ಎನ್ನುವುದರಲ್ಲೇ ಎಲ್ಲ ಗುಟ್ಟಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎದುರಿಗೆ ಬಂದು ಕೇಳಿದವರಿಗೆ ತೋರಿಸಿದ್ದೇನೆ.

ನಡುವೆ ಅಡ್ಡದಾರಿಯ ಪ್ರಯೋಗಗಳೂ ನಡೆದವು. ಹ್ಯಾಂಬರ್ಗ್‌ನಲ್ಲಿ ಆಗಷ್ಟೇ ತೀರಿಕೊಂಡವರ ದೇಹದ ಕೆಳಗೆ ಎರಡು ನಿಮಿಷ, ಹತ್ತು ನಿಮಿಷ ಇಟ್ಟ ಕಾರ್ಪೆಟ್ ತುಂಡುಗಳನ್ನು ನಾಯಿಗಳು ಗುರುತಿಸಿದ್ದವು, ಹತ್ತು ನಿಮಿಷದ್ದನ್ನು ಹೆಚ್ಚು ಖಚಿತವಾಗಿ. ನಾನು ಮಾಸಿಗೆ ತಾಗಿಸಿದ ಬಟ್ಟೆಯಲ್ಲಿ ಅದನ್ನೇ ಮಾಡಿ ನೋಡಿದೆ. ಎರಡು ನಿಮಿಷದ ತುಂಡುಗಳಲ್ಲಿ ಐದಕ್ಕೆ ಒಂದನ್ನು ತಾರಾ ಬಿಟ್ಟುಹೋದಳು. ಇನ್ನೊಂದು ಪ್ರಯೋಗ ನನ್ನ ನಿದ್ದೆ ಕೆಡಿಸಿತು. ಅಕ್ಕನ ಮಗನ ಉದುರಿದ ಹಾಲುಹಲ್ಲನ್ನು ಬೆಂಕಿಪೊಟ್ಟಣದಲ್ಲಿ ಹಾಕಿ, ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಇಡಿಸಿದೆ. ತಾರಾ ನೇರವಾಗಿ ಹೋಗಿ ಕುಳಿತು ಬೊಗಳಿದಳು. ಅವಳ ಲೆಕ್ಕದಲ್ಲಿ ಅದು ತಪ್ಪಲ್ಲ, ಹಲ್ಲನ್ನು ಹುಡುಕಲು ಕಲಿಸಿದವನು ನಾನೇ. ಆದರೆ ಮಕ್ಕಳಿರುವ ಮನೆಯಲ್ಲಿ ಹಾಲುಹಲ್ಲು ಇರುತ್ತದೆ, ಮೂಗಿನಿಂದ ರಕ್ತ ಬಿದ್ದ ದಿಂಬು ಇರುತ್ತದೆ, ಮಂಡಿ ತರಚಿದಾಗ ಕಟ್ಟಿದ ಬಟ್ಟೆ ಇರುತ್ತದೆ. ಯಾರದ್ದು, ಯಾವಾಗಿನದ್ದು, ಹೇಗೆ ಬಂತು ಎಂದು ನಾಯಿ ಹೇಳುವುದಿಲ್ಲ.

2007ರಲ್ಲಿ ಪೋರ್ಚುಗಲ್‌ನ ಪ್ರಾಯಾ ದ ಲುಸ್‌ನಲ್ಲಿ ಮಗು ಕಾಣೆಯಾದಾಗ ಎರಡು ಸ್ಪ್ರಿಂಗರ್ ಸ್ಪ್ಯಾನಿಯಲ್‌ಗಳು ಸೂಚನೆ ಕೊಟ್ಟವು. ಪ್ರಯೋಗಾಲಯದ ಫಲಿತಾಂಶ ಅದನ್ನು ದೃಢಪಡಿಸಲಿಲ್ಲ, ಆದರೂ ಹೆತ್ತವರ ಮೇಲಿನ ಮಾತು ನಿಲ್ಲಲಿಲ್ಲ. ಡೆಟ್ರಾಯ್ಟ್‌ನಲ್ಲಿ 2011ರಲ್ಲಿ ಕಾಣೆಯಾದ ಎರಡು ವರ್ಷದ ಮಗುವಿನ ಪ್ರಕರಣದಲ್ಲಿ ದೇಹವೇ ಸಿಗಲಿಲ್ಲ. ನಾಯಿಯ ಸೂಚನೆ ನ್ಯಾಯಾಲಯದ ಮುಂದೆ ಸಾಕ್ಷ್ಯವಾಗಿ ಬಂತು, ತಂದೆಗೆ ಶಿಕ್ಷೆಯಾಯಿತು. ನನ್ನ ಕೈಯಲ್ಲಿರುವ ಹಗ್ಗದ ಇನ್ನೊಂದು ತುದಿ ಎಲ್ಲಿಯವರೆಗೆ ಹೋಗುತ್ತದೆ ಎಂದು ಆಗ ಅರ್ಥವಾಯಿತು.

ಕಳೆದ ವರ್ಷ ನಮ್ಮನ್ನೂ ಅಂಥ ಮನೆಗೆ ಕರೆದರು. ಕಾಣೆಯಾದದ್ದು ಆರು ವರ್ಷದ ಹುಡುಗ. ಬಾಗಿಲಲ್ಲೇ ಅಧಿಕಾರಿಯೊಬ್ಬರು, "ಹಿಂದಿನ ಕೋಣೆಯನ್ನು ಸರಿಯಾಗಿ ನೋಡಿಸಿ, ಮಲತಂದೆ ಅಲ್ಲಿ ನೆಲ ತೊಳೆದಿದ್ದಾನೆ" ಎಂದರು. ನಾನು ವಾಪಸ್ ಕಾರಿಗೆ ಹೋದೆ. ಏನೂ ಕೇಳಿಸಿಕೊಳ್ಳದ ಸಹೋದ್ಯೋಗಿಯ ಕೈಗೆ ಹಗ್ಗ ಕೊಟ್ಟು, ಇಡೀ ಮನೆಯನ್ನು ಎರಡು ಸಲ ಮೂಸಿಸಿ ಎಂದೆ. ತಾರಾ ಹಿಂದಿನ ಕೋಣೆಯ ಮೂಲೆಯಲ್ಲಿ ತುಸು ಹೊತ್ತು ನಿಂತಳಂತೆ, ಆಮೇಲೆ ಬಾಲ ಆಡಿಸಿಕೊಂಡು ಹೊರಬಂದಳು. "ನಿಮ್ಮ ನಾಯಿಗೆ ಶೀತವಾಗಿದೆಯೇ?" ಎಂದು ಆ ಅಧಿಕಾರಿ ಕೇಳಿದರು. ನಾನು ಪುಸ್ತಕದಲ್ಲಿ "ಸೂಚನೆ ಇಲ್ಲ" ಎಂದು ಬರೆದು ಸಹಿ ಹಾಕಿದೆ. ಹನ್ನೊಂದನೆಯ ದಿನ ಹುಡುಗ ಸಂಬಂಧಿಕರೊಬ್ಬರ ಮನೆಯಲ್ಲಿ ಜೀವಂತ ಸಿಕ್ಕ.

ಈಗ ನೀರಿನ ಮೇಲಿನ ಹುಡುಕಾಟ ಶುರುಮಾಡಿದ್ದೇವೆ. ಏನೂ ಇಲ್ಲದ ಕೆರೆಯಲ್ಲಿ ದೋಣಿ ಬಾಡಿಗೆಗೆ ಹಿಡಿದು ತಿರುಗಾಡುವ ಹುಚ್ಚ ಎಂದು ಬೈಗುಳ ಮತ್ತೆ ಮೊದಲಾಗಿದೆ.