ಹಳೆಯ ಬುಲೆಟ್ ವೇಗ ಹೆಚ್ಚಿಸುವಾಗ ಮುಗ್ಗರಿಸಿದರೆ ಕಾರ್ಬೊರೇಟರ್ ಹೊಂದಿಸುವ ಕ್ರಮ

ಎರಕದ ಕಬ್ಬಿಣದ ಇಂಜಿನ್ನಿನ ಹಳೆಯ ಬುಲೆಟ್ 350ರಲ್ಲಿ ಸಾಮಾನ್ಯವಾಗಿ ಕಾಣಸಿಗುವ ಮಿಕ್‌ಕಾರ್ಬ್ ವಿಎಂ24 ಕಾರ್ಬೊರೇಟರಿಗೆ (ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಆಕ್ಸಿಲರೇಟರ್ ಪಂಪ್, ಅಂದರೆ ಹಿಡಿ ತಿರುವಿದೊಡನೆ ಹೆಚ್ಚುವರಿ ಪೆಟ್ರೋಲ್ ಚಿಮ್ಮಿಸುವ ಸಾಧನ, ಇಲ್ಲ. ಆಕ್ಸಿಲರೇಟರ್ ಹಿಡಿಯನ್ನು ಥಟ್ಟನೆ ತಿರುವಿದಾಗ ಗಾಳಿ ಕೂಡಲೇ ಒಳನುಗ್ಗುತ್ತದೆ, ಪೆಟ್ರೋಲ್ ಮಾತ್ರ ಕ್ಷಣಕಾಲ ತಡವಾಗಿ ಬರುತ್ತದೆ. ಆಗ ಮಿಶ್ರಣ ತೆಳುವಾಗಿ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗಿ) ಗಾಡಿ ಮುಗ್ಗರಿಸುತ್ತದೆ. ಈ ಗುಣ ಅಲ್ಪಸ್ವಲ್ಪ ಇದ್ದರೆ ಸಹಿಸಿಕೊಳ್ಳಬಹುದು. ಸಿಗ್ನಲ್ಲಿನಲ್ಲಿ ಕ್ಲಚ್ ಬಿಟ್ಟೊಡನೆ ಇಂಜಿನ್ ಆರಿಹೋಗುವ ಮಟ್ಟಕ್ಕೆ ಬಂದರೆ ಸರಿಪಡಿಸಲೇಬೇಕು.

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಇಗ್ನಿಷನ್ ನೋಡಿಕೊಳ್ಳಿ. ಕಿಡಿ ಹೊಮ್ಮಿಸಲು ತೆರೆದು ಮುಚ್ಚುವ ಕಾಂಟ್ಯಾಕ್ಟ್ ಪಾಯಿಂಟಿನ ಗ್ಯಾಪ್ 0.35ರಿಂದ 0.40 ಮಿಲಿಮೀಟರಿನೊಳಗೆ ಇರಬೇಕು. ಅದರ ಹಿಂದಿರುವ, ಇಂಜಿನ್ ವೇಗ ಏರಿದಂತೆ ಕಿಡಿಯನ್ನು ಬೇಗ ಹೊಮ್ಮಿಸುವ ಆಟೋ ಅಡ್ವಾನ್ಸ್ ತೂಕಗಳು ತುಕ್ಕು ಹಿಡಿದು ಸಿಕ್ಕಿಕೊಂಡಿದ್ದರೆ ಪಿಕಪ್ ಸತ್ತೇ ಹೋಗುತ್ತದೆ, ಬೈಗುಳ ಮಾತ್ರ ಕಾರ್ಬೊರೇಟರಿಗೆ. ಏರ್ ಫಿಲ್ಟರ್, ಪ್ಲಗ್, ಪೆಟ್ರೋಲ್ ನಲ್ಲಿಯ ಜಾಲರಿ ಇವನ್ನೂ ಸ್ವಚ್ಛಗೊಳಿಸಿ. ಕಾರ್ಬೊರೇಟರ್ ಇಂಜಿನ್ನಿಗೆ ಕೂಡುವ ಜಾಗಕ್ಕೆ ಸೋಪಿನ ನೀರನ್ನು ಹನಿಸಿದಾಗ ಐಡಲಿಂಗ್ (ಹಿಡಿ ತಿರುವದೆ ಓಡುವ ಇಂಜಿನ್ನಿನ ವೇಗ) ಏರುಪೇರಾದರೆ, ಅಲ್ಲಿ ಗಾಳಿ ಸೋರುತ್ತಿದೆ ಎಂದರ್ಥ. ಗ್ಯಾಸ್ಕೆಟ್ ಬದಲಿಸದೆ ಮುಂದಿನ ಯಾವ ಹೊಂದಾಣಿಕೆಯೂ ನಿಲ್ಲದು.

ಮುಗ್ಗರಿಕೆ ಹಿಡಿಯ ಯಾವ ಹಂತದಲ್ಲಿ ಬರುತ್ತದೆ ಎಂಬುದೇ ಇಲ್ಲಿ ಮುಖ್ಯ. ಹಿಡಿಯ ಮೇಲೆ ಪೇಪರ್ ಟೇಪ್ ಸುತ್ತಿ, ಪೂರ್ಣ ಮುಚ್ಚಿದ, ಕಾಲು, ಅರ್ಧ, ಮುಕ್ಕಾಲು ಮತ್ತು ಪೂರ್ಣ ತೆರೆದ ಸ್ಥಾನಗಳನ್ನು ಪೆನ್ನಿನಿಂದ ಗುರುತು ಮಾಡಿಕೊಂಡು, ವಾಹನ ಸಂಚಾರವಿಲ್ಲದ ರಸ್ತೆಯಲ್ಲಿ ಓಡಿಸಿ ನೋಡಿ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಚೋಕನ್ನು ತುಸು ಎಳೆದಾಗ ತೊಂದರೆ ಕಡಿಮೆಯಾದರೆ ಮಿಶ್ರಣ ತೆಳುವಾಗಿದೆ. ಇನ್ನೂ ಹೆಚ್ಚಿದರೆ ದಪ್ಪವಾಗಿದೆ.

ಹಿಡಿ ಕಾಲು ಭಾಗ ತೆರೆಯುವುದರೊಳಗೆ ಮುಗ್ಗರಿಸಿದರೆ ಪೈಲಟ್ ಜೆಟ್ (ಹಿಡಿ ಸ್ವಲ್ಪವೇ ತೆರೆದಾಗ ಪೆಟ್ರೋಲ್ ಕೊಡುವ ಸಣ್ಣ ತೂತಿನ ತುಂಡು) ಮತ್ತು ಏರ್ ಸ್ಕ್ರೂ ನೋಡಬೇಕು. ಜೆಟ್ ಬಿಚ್ಚಿ ಬೆಳಕಿಗೆ ಹಿಡಿದಾಗ ದುಂಡನೆಯ ತೂತು ಸ್ಪಷ್ಟವಾಗಿ ಕಾಣಬೇಕು; ತಂತಿ ತುರುಕಿದರೆ ತೂತು ಹಿಗ್ಗುವುದರಿಂದ ಕ್ಲೀನರ್ ಸಿಂಪಡಿಸಿ ಗಾಳಿಯಿಂದ ಊದಿ. ಏರ್ ಸ್ಕ್ರೂವನ್ನು ಹಗುರವಾಗಿ ತಳ ಮುಟ್ಟುವವರೆಗೆ ಒಳಗೆ ತಿರುವಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ ಬಿಡಿ. ಬಿಸಿ ಇಂಜಿನ್ನಿನ ಐಡಲಿಂಗನ್ನು ತುಸು ಏರಿಸಿಕೊಂಡು, ಕಾಲು ಕಾಲು ಸುತ್ತು ತಿರುಗಿಸುತ್ತಾ ಸದ್ದು ಅತ್ಯಂತ ಚುರುಕಾಗಿ, ಸಮವಾಗಿ ಕೇಳುವ ಜಾಗ ಹುಡುಕಿ, ಆಮೇಲೆ ಐಡಲಿಂಗ್ ಇಳಿಸಿ. ಈ ಸ್ಕ್ರೂ ನಿಯಂತ್ರಿಸುವುದು ಗಾಳಿಯನ್ನು, ಆದ್ದರಿಂದ ಒಳಗೆ ತಿರುವಿದರೆ ಮಿಶ್ರಣ ದಪ್ಪವಾಗುತ್ತದೆ. ಮುಗ್ಗರಿಕೆ ಉಳಿದಿದ್ದರೆ ಇನ್ನೊಂದು ಕಾಲು ಸುತ್ತು ಒಳಗೆ ತಿರುವುವುದು ಸಾಕಾಗುತ್ತದೆ. ಸ್ಕ್ರೂ ತಳದಿಂದ ಅರ್ಧ ಸುತ್ತಿಗಿಂತ ಕಡಿಮೆ ಹೊರಗಿದ್ದಾಗಷ್ಟೇ ಇಂಜಿನ್ ಸರಿಯಾಗುತ್ತದೆಂದರೆ ಪೈಲಟ್ ಜೆಟ್ ಒಂದು ಅಳತೆ ದೊಡ್ಡದು ಬೇಕು.

ಕಾಲಿನಿಂದ ಮುಕ್ಕಾಲಿನವರೆಗಿನ ತೊಂದರೆಗೆ ನೀಡಲ್ (ಪೆಟ್ರೋಲಿನ ಹರಿವನ್ನು ನಿಯಂತ್ರಿಸುವ ಮೊನಚಾದ ಸೂಜಿ) ಕಾರಣ. ಕಾರ್ಬೊರೇಟರಿನ ಮೇಲಿನ ಮುಚ್ಚಳ ಬಿಚ್ಚಿ ಸ್ಲೈಡ್ (ಹಿಡಿ ತಿರುವಿದಂತೆ ಮೇಲೇರಿ ಗಾಳಿಗೆ ದಾರಿ ಬಿಡುವ ಭಾಗ) ಹೊರತೆಗೆದರೆ, ನೀಡಲ್ಲಿನ ತಲೆಯ ಹತ್ತಿರವಿರುವ ಗೀರುಗಳಲ್ಲೊಂದರಲ್ಲಿ ಪುಟ್ಟ ಕ್ಲಿಪ್ ಕೂತಿರುವುದು ಕಾಣುತ್ತದೆ. ಅದು ಚಿಮ್ಮಿ ಹುಲ್ಲಿಗೆ ಬಿದ್ದರೆ ಸಿಗುವುದಿಲ್ಲ, ಕೆಳಗೆ ಬಟ್ಟೆ ಹಾಸಿಕೊಳ್ಳಿ. ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿದರೆ ನೀಡಲ್ ಮೇಲೇರಿ ಪೆಟ್ರೋಲ್ ಹೆಚ್ಚು ಹರಿಯುತ್ತದೆ. ಸ್ಲೈಡನ್ನು ಮತ್ತೆ ಕೂರಿಸುವಾಗ ಅದರ ಕತ್ತರಿಸಿದ ಬದಿ ಏರ್ ಫಿಲ್ಟರಿನ ಕಡೆಗಿರಬೇಕು. ಮುಕ್ಕಾಲಿನ ಮೇಲೆ ಮಾತ್ರ ಬಲ ಕುಂದಿದರೆ ಮೇನ್ ಜೆಟ್ (ಹಿಡಿ ಪೂರ್ಣ ತೆರೆದಾಗ ಪೆಟ್ರೋಲಿನ ಪ್ರಮಾಣ ನಿರ್ಧರಿಸುವ ಜೆಟ್) ಬದಲಿಸುವುದು. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಅದೇ ರಸ್ತೆಯಲ್ಲಿ ಪರೀಕ್ಷಿಸಿ.

ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ಮಾರಾಟ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆಯಿತು. ಶುದ್ಧ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕಾದರೆ, ಎಥನಾಲಿನಲ್ಲೇ ಆಮ್ಲಜನಕವಿರುವುದರಿಂದ ಇ20ಕ್ಕೆ ಸುಮಾರು 13.5 ಪಾಲು ಸಾಕು. ಹಾಗಾಗಿ ಹಿಂದೆ ಸರಿಯಾಗಿದ್ದ ಜೆಟ್ಟುಗಳೇ ಈಗ ತೆಳು ಮಿಶ್ರಣ ಕೊಡುತ್ತವೆ. ಬೇರೇನೂ ಕೆಡದೆ ಇತ್ತೀಚೆಗಷ್ಟೇ ಮುಗ್ಗರಿಸತೊಡಗಿದ ಗಾಡಿಗೆ, ನನ್ನ ಮಟ್ಟಿಗೆ, ಏರ್ ಸ್ಕ್ರೂ ಮತ್ತು ಕ್ಲಿಪ್ಪಿನ ಚಿಕ್ಕ ಬದಲಾವಣೆಯೇ ಮೊದಲ ಮದ್ದು. ಹಳೆಯ ರಬ್ಬರ್ ಪೈಪುಗಳು ಉಬ್ಬಿವೆಯೇ, ಬಿರಿದಿವೆಯೇ ಎಂಬುದನ್ನೂ ಆಗಲೇ ನೋಡಿಬಿಡಿ.

ಎಷ್ಟೇ ಹೊಂದಿಸಿದರೂ ಮಧ್ಯದ ಹಂತದಲ್ಲಿ ಕಪ್ಪು ಹೊಗೆ ಬಂದು ಪ್ಲಗ್ ಮಸಿ ಹಿಡಿಯುತ್ತಿದ್ದರೆ, ವರ್ಷಗಟ್ಟಲೆ ಉಜ್ಜಿದ ನೀಡಲ್ ತನ್ನ ಜೆಟ್ಟಿನ ತೂತನ್ನು ಅಂಡಾಕಾರವಾಗಿ ಸವೆಸಿರುತ್ತದೆ. ಅಲ್ಲಿಗೆ ಸ್ಕ್ರೂಗಳ ಕೆಲಸ ಮುಗಿಯಿತು. ನೀಡಲ್ ಮತ್ತು ನೀಡಲ್ ಜೆಟ್ ಎರಡನ್ನೂ ಒಟ್ಟಿಗೇ ಹೊಸದಾಗಿ ಹಾಕಿಸಬೇಕು.