ಒಳಗೆ ಉಳಿಯಿತಾ, ಹೊರಗೆ ಬಿತ್ತಾ? ವಾಸ್ತವ ಸಂಖ್ಯೆ ಕಲಿಸಿದ ನನ್ನ ಅನುಭವ

ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಸಂಖ್ಯೆಗಳ ವರ್ಗೀಕರಣ ಒಂದು ಪಾಠ, ಅವುಗಳ ಗುಣಗಳು ಇನ್ನೊಂದು ಪಾಠ ಅಂತ ಎರಡು ತುಂಡು ಮಾಡಬಾರದು, ಎರಡೂ ಒಂದೇ ಪಾಠ. ಇಷ್ಟು ಹೇಳಿದ್ದಕ್ಕೆ ನಮ್ಮ ಕಡೆ ಗಣಿತದ ಮೇಷ್ಟ್ರುಗಳು ನಕ್ಕಿದ್ದರು. "ಪೋರ್ಷನ್ ಮುಗಿಯಲ್ಲ ಮೇಡಂ" ಅಂದರು. ಈ ಸಲ ನನ್ನ ಟ್ಯೂಷನ್‌ನ ಇಪ್ಪತ್ತು ಚಿಲ್ಲರೆ ಮಕ್ಕಳಲ್ಲಿ ಮೂರು ನಾಲ್ಕು ಜನ ಬಿಟ್ಟು ಮಿಕ್ಕವರೆಲ್ಲ ಆ ಅಧ್ಯಾಯದ ಪ್ರಶ್ನೆಗಳನ್ನು ತಡವರಿಸದೆ ಬಿಡಿಸಿದರು. ಪೋರ್ಷನ್ನೂ ಮುಗಿಯಿತು, ಅದೂ ಕೊಡಗಿನ ಗೋಣಿಕೊಪ್ಪದ ಮಳೆ ರಜೆಗಳ ಮಧ್ಯೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೈಕೊಟ್ಟ ದಾರಿಗಳನ್ನು ಹೇಳುತ್ತೇನೆ. ಸಂಖ್ಯೆಗಳ ವರ್ಗಗಳಿಗೆ ಒಂದರೊಳಗೊಂದು ವೃತ್ತ ಬರೆಸುವುದು ಎಲ್ಲರೂ ಮಾಡುವ ಕೆಲಸ. ಮಕ್ಕಳು ಚೆಂದ ಬರೆಯುತ್ತಾರೆ, ಬಣ್ಣ ಕೂಡ ಹಚ್ಚುತ್ತಾರೆ. ಆಮೇಲೆ "√9 ಯಾವುದು?" ಅಂತ ಕೇಳಿ, ಅರ್ಧ ಕ್ಲಾಸು ಅಭಾಗಲಬ್ಧ (ಭಿನ್ನರಾಶಿಯಾಗಿ ಬರೆಯಲಾಗದ್ದು) ಅನ್ನುತ್ತದೆ, ಯಾಕೆಂದರೆ ತಲೆ ಮೇಲೆ ಮೂಲದ ಚಿಹ್ನೆ ಇದೆಯಲ್ವಾ. ಅದು ಬರೀ 3. ಪೈ ಕೇಳಿದರೆ ಭಾಗಲಬ್ಧ (ಭಿನ್ನರಾಶಿಯಾಗಿ ಬರೆಯಬಹುದಾದ್ದು) ಅನ್ನುತ್ತಾರೆ, ಯಾಕೆಂದರೆ ಅದು 22/7. 22/7 ಅಂದರೆ 3.142857 ಅಂತ ಆರಂಕಿ ತಿರುಗಿ ತಿರುಗಿ ಬರುತ್ತದೆ, ಪೈ 3.14159 ಅಂತ ಎಲ್ಲೂ ಹಾಗೆ ತಿರುಗದೆ ಬೇರೆಯೇ ದಾರಿ ಹಿಡಿಯುತ್ತದೆ. ಎರಡನ್ನೂ ಒಂದರ ಕೆಳಗೊಂದು ಬರೆದು ತೋರಿಸುವವರೆಗೂ ನಂಬುವುದಿಲ್ಲ.

ಆಮೇಲೆ ಕಾರ್ಡು. ಒಂದೊಂದರಲ್ಲಿ ಒಂದೊಂದು ಸಂಖ್ಯೆ ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ಗುಂಪು ಮಾಡಲು ಕೊಟ್ಟೆ. ಎರಡು ಸಾವಿರದ ಹತ್ತಿರ ಹೋಯಿತು. ಜೂನ್ ಮಳೆಗೆ ಅಂಚು ಬಿಟ್ಟುಕೊಂಡು ಒಳಗೆಲ್ಲ ಬೂಷ್ಟು. ಅದಕ್ಕಿಂತ ಬೇಜಾರು ಅಂದರೆ, ಮಕ್ಕಳು ಸಂಖ್ಯೆ ನೋಡದೆ ಕಾರ್ಡಿನ ಕಲೆ ನೋಡಿ ಉತ್ತರ ನೆನಪಿಟ್ಟುಕೊಂಡಿದ್ದರು! ಹಳೇ ಪ್ರೊಜೆಕ್ಟರ್ ಒಂದಕ್ಕೆ ಮತ್ತೊಂದು ಮೂರ್ನಾಲ್ಕು ಸಾವಿರ ಸುರಿದೆ. ಜುಲೈನಲ್ಲಿ ಕರೆಂಟು ಇದ್ದರೆ ತಾನೇ? ಒಟ್ಟು ಅರ್ಧ ಚೀಲ ಚೆರಿಯ (ಒಣಗಿಸಿದ ಕಾಫಿ ಹಣ್ಣಿನ) ದುಡ್ಡು ನೀರಿಗೆ ಬಿತ್ತು ಅಂದುಕೊಳ್ಳಿ.

ಕೊನೆಗೆ ಗೆದ್ದದ್ದು ಇಪ್ಪತ್ತು ರೂಪಾಯಿಯ ನೋಟ್‌ಬುಕ್. ಅದರಲ್ಲಿ ಎರಡೇ ಮಾತು: ಉತ್ತರ ಅದೇ ಗುಂಪಿನಲ್ಲಿದ್ದರೆ "ಉಳಿಯಿತು", ಹೊರಗೆ ಹೋದರೆ "ಬಿತ್ತು". ವರ್ಗಗಳ ಹೆಸರು ಮೊದಲು ಹೇಳುವುದೇ ಇಲ್ಲ. 1, 2, 3 ಕೊಡುತ್ತೇನೆ. ಕೂಡಿಸು, ಉಳಿಯಿತು. ಗುಣಿಸು, ಉಳಿಯಿತು. 5 − 8 ಮಾಡು, ಬಿತ್ತು. ಎಲ್ಲಿಗೆ ಬಿತ್ತು? ಆ ಜಾಗ ಬೇಕು ಅಂತ ಅವರೇ ಕೇಳಿದಾಗ ಪೂರ್ಣಾಂಕ ಅನ್ನುವ ಹೆಸರು ಕೊಡುತ್ತೇನೆ. ಅಲ್ಲಿ 8 ÷ 5 ಮಾಡು, ಮತ್ತೆ ಬಿತ್ತು, ಈಗ ಭಾಗಲಬ್ಧ ಬಂತು. ಸೊನ್ನೆಯಿಂದ ಭಾಗಿಸುವುದೊಂದು ಬಿಟ್ಟರೆ ಅಲ್ಲಿ ನಾಲ್ಕೂ ಕ್ರಿಯೆ ಉಳಿಯುತ್ತವೆ. ಹೀಗೆ ಗುಂಪಿನೊಳಗೇ ಉಳಿಯುವುದಕ್ಕೆ ಆವೃತ ಗುಣ ಅನ್ನುತ್ತಾರೆ, ಅದನ್ನು ಬೇರೆ ಪಾಠ ಮಾಡಲೇ ಇಲ್ಲ ನೋಡಿ. ಜೋರು ಗಲಾಟೆ ಆಗುವುದು ಅಭಾಗಲಬ್ಧದ ಸಾಲಿಗೆ. √2 × √2 = 2, ಬಿತ್ತು. (2 + √3) + (2 − √3) = 4, ಕೂಡಿಸಿದರೂ ಬಿತ್ತು! "ಇವು ಯಾವುದಕ್ಕೂ ಲಾಯಕ್ಕಿಲ್ಲ ಮಿಸ್" ಅಂದ ಒಬ್ಬ ಹುಡುಗ.

ಉಳಿದ ಗುಣಗಳಿಗೆ ತೋಟದ ಲೆಕ್ಕ ಸಾಕು. ಒಬ್ಬ ಕೆಲಸದವನ ಕೂಲಿ 3000, ತಗೊಂಡ ಅಡ್ವಾನ್ಸ್ 1000, ಅದರಲ್ಲಿ 200 ವಾಪಸ್ ಕೊಟ್ಟಿದ್ದಾನೆ. 3000 − (1000 − 200) ಅಂದರೆ 2200 ಕೈಗೆ ಬರಬೇಕು. ಆವರಣ ಬಿಟ್ಟು ಸುಮ್ನೆ ಕಳೆಯುತ್ತಾ ಹೋದರೆ 1800. ವ್ಯವಕಲನಕ್ಕೆ ಸಹವರ್ತನೀಯ ಗುಣ (ಆವರಣ ಎಲ್ಲಿ ಹಾಕಿದರೂ ಉತ್ತರ ಒಂದೇ ಅನ್ನುವುದು) ಇಲ್ಲ ಅಂತ ನಾನೂರು ರೂಪಾಯಿ ಜಗಳವಾಗಿ ಅವರ ತಲೆಗೆ ಹತ್ತಿತು. ವಿಭಾಜಕ ಗುಣಕ್ಕೆ (ಸಂಖ್ಯೆಯನ್ನು ಒಡೆದು ಗುಣಿಸಿದರೂ ಉತ್ತರ ಅದೇ) ಓಟಿ ರೇಟ್: ಓಟಿ ಅಂದರೆ ಒಂದು ಚೀಲ ಚೆರಿಯಿಂದ ಸಿಗುವ ಕಾಫಿ ಬೀಜದ ಕೆಜಿ. ಐವತ್ತು ಕೆಜಿ ಚೆರಿಗೆ ಓಟಿ 26, ಕೆಜಿಗೆ ರೇಟ್ 398 ಅಂತ ಇಟ್ಟುಕೊಳ್ಳಿ. 26 × 400 ರಲ್ಲಿ 26 × 2 ಕಳೆ, 10,400 − 52, ಚೀಲಕ್ಕೆ 10,348. ಅಪ್ಪನ ಜೊತೆ ವ್ಯಾಪಾರಿ ಹತ್ತಿರ ಹೋಗುವ ಹುಡುಗರು ಇದನ್ನು ಬಾಯಲ್ಲೇ ಮಾಡುತ್ತಿದ್ದರು, ಅದಕ್ಕೊಂದು ಹೆಸರಿದೆ ಅಂತ ಗೊತ್ತಿರಲಿಲ್ಲ ಅಷ್ಟೇ.

ಕಷ್ಟದ ಜಾಗ √2. ರೊಬಸ್ಟಾ ಕಾಫಿ ಗಿಡದ ಗುಂಡಿಗೆ ಗುರುತು ಹಾಕುವ ಹಾಗೆ ಅಂಗಳದಲ್ಲಿ 10 ಅಡಿಗೆ 10 ಅಡಿ ಚೌಕ ಹಾಕಿಸಿ, ಮೂಲೆಯಿಂದ ಮೂಲೆಗೆ ಟೇಪ್ ಹಿಡಿಸಿದೆ, ಅದು 10√2 ಅಡಿ ಇರಬೇಕು. 14 ಅಡಿ 1¾ ಇಂಚು ಅಂದರು. ಅದು ಭಿನ್ನರಾಶಿ ಅಲ್ವಾ, ಎಲ್ಲಿದೆ ಅಭಾಗಲಬ್ಧ? ಕೇಳಿದ್ದು ಸರಿ. ಟೇಪಿನಲ್ಲಿ ಓದುವುದು ಯಾವಾಗಲೂ ಭಾಗಲಬ್ಧವೇ, ಅಂಗಳದಲ್ಲಿ ಇದು ಸಾಬೀತಾಗುವುದಿಲ್ಲ. ಒಳಗೆ ಕೂರಿಸಿ 1.4, 1.41, 1.414, 1.4142 ಇವುಗಳ ವರ್ಗ ಮಾಡಿಸಿದೆ. 1.96, 1.9881, 1.999396, 1.99996164. ಈಗ ಕೊನೆಯ ಅಂಕಿ ನೋಡಿ ಅಂದೆ. 2 ಅಂದರೆ 2.000, ಕೊನೆಗೆ ಸೊನ್ನೆ ಬರಬೇಕು, ಆದರೆ 1ರಿಂದ 9ರವರೆಗೆ ಯಾವ ಅಂಕಿಯ ವರ್ಗವೂ ಸೊನ್ನೆಯಲ್ಲಿ ಮುಗಿಯುವುದಿಲ್ಲ. ಅಂದಮೇಲೆ ದಶಮಾಂಶ ಎಲ್ಲಿ ನಿಲ್ಲಿಸಿದರೂ ಅದರ ವರ್ಗ ಸರಿಯಾಗಿ 2 ಆಗಲ್ಲ. ಅಂಕಿಗಳು ತಿರುಗಿ ತಿರುಗಿ ಬರುವ ಆವರ್ತ ದಶಮಾಂಶಕ್ಕೆ ಇಷ್ಟು ಸಾಲದು, √2 ಅನ್ನು p/q ಅಂತ ಭಿನ್ನರಾಶಿಯಾಗಿ ಬರೆಯಲಾಗದು ಅನ್ನುವ ಸಾಧನೆ ಬೇಕು, ಅದು ಹತ್ತನೇ ಕ್ಲಾಸಿಗೆ ಇರಲಿ. ಆದರೆ ಆ ಹೊತ್ತಿಗೆ ಕ್ಲಾಸು ಪಿನ್‌ಡ್ರಾಪ್.

ಮಧ್ಯೆ ಮಳೆ ಲೆಕ್ಕದ ಕಡೆ ಒಂದು ವಾರ ಹೋಯಿತು. ನಮ್ಮಲ್ಲಿ ಮಳೆಗೂ ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ತಾನೇ. ಒಂದು ಇಂಚು ಐದು ಸೆಂಟನ್ನು 1.5 ಅಂತ ಬರೆದು 25.4 ರಿಂದ ಗುಣಿಸಿ 38.1 ಮಿಲಿಮೀಟರ್ ಅನ್ನುವವರು ಬಹಳ. 1.05 ಅಂತ ಬರೆದರೆ 26.67 ಬರುತ್ತದೆ. ಪರೀಕ್ಷೆಗೆ ಇದರಿಂದ ಒಂದು ಮಾರ್ಕೂ ಇಲ್ಲ, ಆದರೂ ದಶಮಾಂಶ ಸ್ಥಾನ ಗಟ್ಟಿಯಾಯಿತು.

ಕ್ಯಾಲ್ಕ್ಯುಲೇಟರ್ ಮಾತ್ರ ಮೊದಲ ತಿಂಗಳು ಮುಟ್ಟಿಸಬೇಡಿ. 1 ÷ 17 ಒತ್ತಿದರೆ 0.05882352941 ಅಂತ ಬಂದು ನಿಲ್ಲುತ್ತದೆ, ಏನೂ ತಿರುಗಿ ಬರುವುದಿಲ್ಲ, ತಕ್ಷಣ "ಅಭಾಗಲಬ್ಧ!" ತಿರುಗಿ ಬರುವ ತುಂಡು 16 ಅಂಕಿಯದು, ಅಂಗಡಿ ಕ್ಯಾಲ್ಕ್ಯುಲೇಟರಿನಲ್ಲಿ ಹಿಡಿಸುವುದೇ ಇಲ್ಲ. ಕೈಯಲ್ಲಿ ಭಾಗಾಕಾರ ಮಾಡಿಸಿದೆ. ಶೇಷ 1ರಿಂದ 16ರೊಳಗೇ ಇರಬೇಕು, ಹಾಗಾಗಿ ಹಳೇ ಶೇಷ ಒಂದಲ್ಲ ಒಂದು ಕಡೆ ಬಂದೇ ಬರಬೇಕು ಅನ್ನುವುದನ್ನು ಹಿಂದಿನ ಬೆಂಚಿನ ಹುಡುಗಿ ತಾನೇ ಕಂಡುಹಿಡಿದಳು.

ಟೆಸ್ಟಿನ ಹಿಂದಿನ ವಾರ ಯಾವ ಸಂಖ್ಯೆಗಳನ್ನು ಯಾವ ಕ್ರಮದಲ್ಲಿ ಕೊಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಹೊಟ್ಟೆಪಾಡು, ಬೇಜಾರು ಮಾಡ್ಕೋಬೇಡಿ. ತಿಂಗಳಿಗೆ ಆರುನೂರು ಫೀಸು, ಅದರಲ್ಲೂ ಅರ್ಧ ಜನ ಕಾಫಿ ಮಾರಿದ ಮೇಲೆ ಕೊಡುವವರು. ಅದರ ಬದಲು ಒಂದು ಹೋಂವರ್ಕ್ ಕೊಡುತ್ತೇನೆ, ಬಳಸಿಕೊಳ್ಳಿ. ಒಂದು ಸೆಂಟ್ ಜಾಗ 435.6 ಚದರಡಿ, ಅದನ್ನು ಚೌಕ ಮಾಡಿದರೆ ಬಾಹು ಎಷ್ಟಡಿ? 20.87ರ ಆಸುಪಾಸು, ಅಭಾಗಲಬ್ಧ. ಮೈಸೂರು ಕಡೆಯ ಗುಂಟೆ 1089 ಚದರಡಿ, ಬಾಹು ಸರಿಯಾಗಿ 33. ಇನ್ನು 1ರಿಂದ 100 ಸೆಂಟ್‌ವರೆಗೆ, ಪೂರ್ಣ ಸೆಂಟ್‌ಗಳಲ್ಲಿ, ಎಷ್ಟೆಷ್ಟು ಸೆಂಟಿನ ಚೌಕಕ್ಕೆ ಬಾಹು ಭಾಗಲಬ್ಧ? 10, 40, 90, ಮೂರೇ. ಬಾಹು 66, 132, 198 ಅಡಿ. ಪೂರ್ತಿ ಒಂದು ಎಕರೆಗೂ ಇಲ್ಲ. ನಾಲ್ಕನೆಯದು ಸಿಕ್ಕಿತು ಅಂತ ಯಾರಾದರೂ ಓಡಿ ಬಂದರೆ ಮೊದಲು ಬ್ಯಾಗಿನಲ್ಲಿ ಕ್ಯಾಲ್ಕ್ಯುಲೇಟರ್ ಇದೆಯಾ ನೋಡಿ.